ಅಸಲಿ ಪಿಜ್ಜಾ ಹುಡುಕುತ್ತಾ

ನಮ್ಮಲ್ಲಿ ಪಿಜ್ಜಾ ಎಂದರೆ ದಪ್ಪನೆಯ ಬ್ರೆಡ್, ಮೇಲೆ ಚೀಸ್, ಜೋಳ, ಕ್ಯಾಪ್ಸಿಕಂ, ಜೊತೆಗೆ ಕೆಚಪ್ ಪೊಟ್ಟಣ. ನನಗೂ ಅದು ಇಷ್ಟವೇ. ಆದರೆ ಪಿಜ್ಜಾದ ತವರಾದ ಇಟಲಿಯ ನೇಪಲ್ಸ್ ನಗರದವರು ಅದಕ್ಕೆ ಲಿಖಿತ ನಿಯಮಗಳನ್ನೇ ಮಾಡಿಕೊಂಡಿದ್ದಾರೆ ಎಂದು ಓದಿದ ಮೇಲೆ ಕುತೂಹಲ ಹುಟ್ಟಿತು. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಮಾಮು ಮನೆಗೆ ಹೋದಾಗ ಅದನ್ನೇ ಹುಡುಕಿದೆ.

ನಿಯಮಗಳು ಸರಳ. ಹಿಟ್ಟಿಗೆ ಮೈದಾ, ನೀರು, ಉಪ್ಪು, ಯೀಸ್ಟ್ ಮಾತ್ರ. ಎಣ್ಣೆ, ಸಕ್ಕರೆ ಇಲ್ಲ. ಲಟ್ಟಣಿಗೆ ಬಳಸುವಂತಿಲ್ಲ, ಕೈಯಲ್ಲೇ ತಟ್ಟಬೇಕು. ಕಟ್ಟಿಗೆ ಒಲೆ 400 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರಬೇಕು. ಬೇಯಲು 60ರಿಂದ 90 ಸೆಕೆಂಡ್ ಸಾಕು. ಇದನ್ನು ಕಾಪಾಡಲು 1984ರಲ್ಲಿ ನೇಪಲ್ಸ್‌ನಲ್ಲಿ ಒಂದು ಸಂಘವೇ ಹುಟ್ಟಿತು. 2017ರಲ್ಲಿ ಅಲ್ಲಿನ ಪಿಜ್ಜಾ ತಯಾರಕರ ಕಲೆ ಯುನೆಸ್ಕೊ ಪಟ್ಟಿ ಸೇರಿತು.

ಮೊದಲ ಅಂಗಡಿಯ ಬೋರ್ಡಿನಲ್ಲಿ ‘ಅಸಲಿ ನೇಪಲ್ಸ್ ಪಿಜ್ಜಾ’ ಎಂದಿತ್ತು; ತಟ್ಟೆಗೆ ಬಂದದ್ದು ಹಪ್ಪಳದಂತೆ ಗರಿಗರಿ. ಎರಡನೆಯದರ ಮೆನುವಿನಲ್ಲಿ ಹಂದಿ ಮಾಂಸ ಕಂಡು ಬಾಗಿಲಿನಿಂದಲೇ ವಾಪಸ್ಸಾದೆವು. ಮೂರನೆಯದು ಸಸ್ಯಾಹಾರಿ ಅಂಗಡಿ, ಕಟ್ಟಿಗೆ ಒಲೆಯೂ ಇತ್ತು. ನನಗೆ ಇನ್ನೊಂದು ಚಿಂತೆ ಚೀಸಿನದು. ಹಾಲು ಒಡೆಸುವ ರೆನ್ನೆಟ್ ಕೆಲವೊಮ್ಮೆ ಕರುವಿನ ಹೊಟ್ಟೆಯಿಂದ ಬರುತ್ತದೆ. ಇಟಲಿಯ ಪಾರ್ಮೆಸಾನ್‌ಗೆ ಅದನ್ನೇ ಬಳಸುತ್ತಾರೆ. ಕೇಳಿದೆ. ಒಲೆಯ ಮುಂದಿದ್ದ ಹಾವೇರಿ ಕಡೆಯ ಹುಡುಗ ಬೇಸರಿಸದೆ ಹಸಿರು ಚುಕ್ಕೆಯ ಪ್ಯಾಕೆಟ್ ತಂದು ತೋರಿಸಿದ. ಆಮೇಲೆ, “ಚೀಸೇ ಇಲ್ಲದ್ದೂ ಐತಿ, ಮರಿನಾರಾ” ಅಂದ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ಅಷ್ಟೇ. ನೇಪಲ್ಸ್‌ನ ನಿಯಮದಲ್ಲಿ ಅದಕ್ಕೂ ಜಾಗವಿದೆ.

ಅವನು ಹಿಟ್ಟು ತಟ್ಟುವುದು ದಾದಿ ಜೋಳದ ರೊಟ್ಟಿ ತಟ್ಟುವ ಹಾಗೇ ಇತ್ತು. ಮೊಬೈಲಿನಲ್ಲಿ ಸಮಯ ನೋಡಿದೆ: 85 ಸೆಕೆಂಡ್. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ, ನಡುವೆ ತೆಳ್ಳಗೆ, ಮೆತ್ತಗೆ. ಮಾಮು, “420 ರೂಪಾಯಿಗೆ ಟೊಮೆಟೊ ಚಟ್ನಿ, ರೊಟ್ಟಿ!” ಎಂದು ಗೊಣಗಿದರು. ಕೊನೆಯ ತುಂಡನ್ನು ಮಾತ್ರ ಅವರೇ ತಿಂದರು. ಕಾಮರ್ಸ್ ವಿದ್ಯಾರ್ಥಿಯಾಗಿ ನಾನೂ ಲೆಕ್ಕ ಹಾಕಿದೆ. ಸಾಮಗ್ರಿಯ ಖರ್ಚು ಕಡಿಮೆ; ನಾವು ಕೊಟ್ಟದ್ದು ಒಲೆಗೆ, ಬಾಡಿಗೆಗೆ, ಆ ಹುಡುಗನ ಕೈಚಳಕಕ್ಕೆ.

ನೇಪಲ್ಸ್‌ಗೇ ಹೋಗದ ಹುಡುಗನ ಪಿಜ್ಜಾ ಅಸಲಿಯೇ? 2010ರಲ್ಲಿ ಐರೋಪ್ಯ ಒಕ್ಕೂಟ ಈ ಪಿಜ್ಜಾಕ್ಕೆ ಕೊಟ್ಟ ಮಾನ್ಯತೆ ಊರನ್ನು ಆಧರಿಸಿದ್ದಲ್ಲ, ಮಾಡುವ ವಿಧಾನವನ್ನು ಆಧರಿಸಿದ್ದು. ಇದನ್ನು ಓದಿದಾಗ ನನಗೆ ನಮ್ಮ ಮನೆಮಾತು ನೆನಪಾಯಿತು. ಒಂದು ಮದುವೆಯಲ್ಲಿ ಉತ್ತರದ ಕಡೆಯ ಅತಿಥಿಯೊಬ್ಬರು ನಮ್ಮ ‘ನಕ್ಕೋ’, ‘ಹೌ’ ಕೇಳಿ, ಇದು ಅಸಲಿ ಉರ್ದು ಅಲ್ಲ ಎಂದು ನಕ್ಕಿದ್ದರು. ಬಸ್ಸಿನಲ್ಲಿ ಕನ್ನಡ ಮಾತಾಡಿದರೆ, “ನೀವು ಕನ್ನಡದವರಾ?” ಎಂಬ ಪ್ರಶ್ನೆ. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ್ ‘ಕಿತಾಬ್-ಎ-ನವರಸ್’ ಬರೆದದ್ದು ಇದೇ ದಖನಿಯಲ್ಲಿ. ಈಗ ಯಾರಾದರೂ ನಕ್ಕರೆ ಇಷ್ಟನ್ನಾದರೂ ಹೇಳುತ್ತೇನೆ.

ಸ್ನೇಹಿತರೇ, ‘ಅಸಲಿ’ ಎಂಬ ಬೋರ್ಡ್ ಕಂಡರೆ ಒಳಗೆ ಹೋಗಿ ಕೇಳಿ: ಹಿಟ್ಟಿಗೆ ಏನು ಹಾಕಿದ್ದೀರಿ, ಚೀಸ್ ಯಾವುದು, ಎಷ್ಟು ಸೆಕೆಂಡ್ ಬೇಯಿಸುತ್ತೀರಿ? ಹಲಾಲ್ ವಿಷಯ ಕೇಳಲೂ ಸಂಕೋಚ ಬೇಡ. ಕೆಲಸ ಗೊತ್ತಿರುವವರು ಖುಷಿಯಿಂದಲೇ ಉತ್ತರ ಕೊಡುತ್ತಾರೆ.