ಬಾಣ ಬಿಟ್ಟ ಮೇಲೆ

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಫೋಟೊ ನೋಡಿದೆ. ಎಲೆಬಣ್ಣದ ಜಾಕೆಟ್, ಕೈಯಲ್ಲಿ ಕಾಂಪೌಂಡ್ ಬಿಲ್ಲು, ಮುಖದ ತುಂಬ ನಗು. ಪೆನ್ಸಿಲ್ವೇನಿಯಾದಲ್ಲಿ ಮನೆ ತಗೊಂಡೆ ಅಂದಾಗ ಹುಲ್ಲು ಕತ್ತರಿಸುವ ಯಂತ್ರ ಕೊಳ್ಳುತ್ತೀಯ ಅಂದುಕೊಂಡಿದ್ದೆ. ನೀನು ನೋಡಿದರೆ ಲೈಸೆನ್ಸು ಮಾಡಿಸಿ ಜಿಂಕೆ ಹೊಡೆಯಲು ಹೊರಟಿದ್ದೀಯ. ನಿನ್ನ ಭಾವ ನಕ್ಕರು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಜ್ಜನ ಮೊಮ್ಮಗ ತಾನೇ ಮಾರಾಯ ಅಂದುಕೊಂಡು ಸುಮ್ಮನಾದೆ.

ಆದರೆ ಫೋನಿನಲ್ಲಿ ನೀನು ಹೇಳಿದ್ದೆಲ್ಲ ಬಾಣ ಬಿಡುವ ತನಕದ ಮಾತು. ಮರಸು ಎಷ್ಟು ಎತ್ತರ, ಬಾಣದ ಮೊನೆ ಎಷ್ಟು ಹರಿತ, ಅಂಗಳದಲ್ಲಿ ಎಷ್ಟು ಗಜದಿಂದ ಗುರಿ ತಪ್ಪದೆ ಹೊಡೆಯುತ್ತೀಯ, ಇಷ್ಟೇ. ಬಾಣ ಸರಿಯಾಗಿ ಬೀಳದಿದ್ದರೆ ಏನು ಮಾಡ್ತೀಯೋ ಅಂತ ಕೇಳಿದೆ. ‘ಬೆನ್ನು ಹತ್ತಿ ಓಡ್ತೀನಿ’ ಅಂದೆ. ಅವತ್ತಿನಿಂದ ನನಗೆ ಸಮಾಧಾನವಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಪಕ್ಕದ ಮನೆಯ ಹಿರಿಯಾಕೆ ಗೊತ್ತಲ್ಲ, ಒರಟು ಕೂದಲಿನ ಡ್ಯಾಶ್‌ಹುಂಡ್ ಸಾಕಿದವರು. ಗಾಯಗೊಂಡು ತಪ್ಪಿಸಿಕೊಂಡ ಜಿಂಕೆಗಳನ್ನು ಆ ನಾಯಿಯಿಂದ ಹುಡುಕಿಸಿಕೊಡುವುದು ಅವರ ಕೆಲಸ. ಅದಕ್ಕೆ ದುಡ್ಡು ಮುಟ್ಟುವುದಿಲ್ಲ. ನಮ್ಮ ನ್ಯೂಯಾರ್ಕ್ ರಾಜ್ಯದಲ್ಲಿ ಇದಕ್ಕೆ ಬೇರೆಯೇ ಪರೀಕ್ಷೆ, ಬೇರೆಯೇ ಲೈಸೆನ್ಸು. ಮೊದಲು ಇದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲವಂತೆ. ಜಾನ್ ಜೆನ್ನೆನಿ ಎಂಬ ಇತಿಹಾಸದ ಮೇಷ್ಟರು 1970ರ ದಶಕದಲ್ಲಿ ವಿಶೇಷ ಅನುಮತಿ ತಗೊಂಡು, ಹಗ್ಗ ಹಾಕಿದ ನಾಯಿಯಿಂದ ಜಾಡು ಹಿಡಿಸಿ ತೋರಿಸಿದ ಮೇಲೆ, 1986ರಲ್ಲಿ ಕಾನೂನು ಬದಲಾಯಿತು. ನಿಮ್ಮ ಕಡೆ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಆಕೆಗೆ ಮೊಣಕಾಲು ನೋವು, ಹಾಗಾಗಿ ಟಾರ್ಚು ಹಿಡಿದು ನಾನೂ ಹೋಗುತ್ತೇನೆ. ಅಮ್ಮನಿಗೆ ಇದು ಗೊತ್ತಿಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಒಂದು ಸಂಜೆ ಊರಿನ ಹುಡುಗನೊಬ್ಬ ಏದುಸಿರು ಬಿಡುತ್ತ ಬಂದ. ಹೆಚ್ಚುಕಡಿಮೆ ನಿನ್ನದೇ ಗಡಿಬಿಡಿ. ಬಾಣ ತಗುಲಿದ ಕೂಡಲೇ ಜಿಂಕೆ ನೆಗೆದು ಓಡಲಿಲ್ಲವಂತೆ. ಬೆನ್ನು ಗೂನು ಮಾಡಿಕೊಂಡು, ಬಾಲ ಮಡಚಿ, ಮೆಲ್ಲಗೆ ಜೌಗಿನ ಕಡೆ ನಡೆದುಹೋಯಿತಂತೆ. ಆಕೆ ಮೊದಲು ಕೇಳಿದ್ದೇ ಬಾಣವನ್ನು. ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದರು, ಮೂಗಿನ ಹತ್ತಿರ ತಂದರು, ನನಗೂ ಕೊಟ್ಟರು. ನೆತ್ತರು ಕಡಿಮೆ. ಗರಿಗೆ ಹಸಿರು ಮಿಶ್ರಿತ ಕಂದು ಲೋಳೆ ಮೆತ್ತಿತ್ತು. ದನದ ಹೊಟ್ಟೆ ಕೊಯ್ದಾಗ ಬರುವ ಹುಳಿವಾಸನೆ. ಜೊತೆಗೆ ಅಂಟಿಕೊಂಡ ಎರಡು ಬಿಳಿ ಕೂದಲು, ಹೊಟ್ಟೆಯ ಅಡಿಭಾಗದವು.

‘ಮನೆಗೆ ಹೋಗಿ ಮಲಗು, ಬೆಳಿಗ್ಗೆ ಬಾ’ ಅಂದರು. ಹುಡುಗ ಒಪ್ಪಲೇ ಇಲ್ಲ. ಒಂದು ಜೀವ ನೋವಿನಲ್ಲಿ ಬಿದ್ದಿರುವಾಗ ಮಲಗುವುದು ಹೇಗೆ ಅಂತ ಕೂಗಾಡಿದ. ನನಗೂ ಅವನ ಮಾತೇ ಸರಿ ಅನ್ನಿಸಿತ್ತು. ಆಕೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಪುಪ್ಪುಸಕ್ಕೆ ತಗುಲಿದರೆ ನೆತ್ತರು ಗುಲಾಬಿ ಬಣ್ಣ, ನೊರೆ ನೊರೆ. ಅಂಥ ಜಿಂಕೆ ನೂರು ಗಜದ ಆಸುಪಾಸಿನಲ್ಲೇ ಬಿದ್ದಿರುತ್ತದೆ, ಅರ್ಧ ಗಂಟೆ ಕಾದರೆ ಸಾಕು. ಕಪ್ಪುಗೆಂಪಾದರೆ ಪಿತ್ತಜನಕಾಂಗ, 4ರಿಂದ 6 ಗಂಟೆ. ಕರುಳಿಗೆ ಬಿದ್ದರೆ 8ರಿಂದ 12 ಗಂಟೆಯಾದರೂ ಬೇಕು. ಯಾರೂ ಹಿಂದೆ ಬರದಿದ್ದರೆ ಅದು ಸಾಮಾನ್ಯವಾಗಿ ಒಂದೆರಡು ನೂರು ಗಜದೊಳಗೆ ಮಲಗುತ್ತದೆ, ಅಲ್ಲೇ ಸಾಯುತ್ತದೆ. ಈಗಲೇ ನುಗ್ಗಿದರೆ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಒಳಗಿನ ಕೊಬ್ಬಿನ ಪೊರೆ ಗಾಯದ ಬಾಯಿಗೆ ಬಂದು ಮುಚ್ಚಿಕೊಂಡು ಹನಿ ನೆತ್ತರೂ ಬೀಳುವುದಿಲ್ಲ. ಸಾವಂತೂ ತಪ್ಪುವುದಿಲ್ಲ, ನಿಧಾನವಾಗುತ್ತದೆ, ಯಾರ ಕೈಗೂ ಸಿಗುವುದಿಲ್ಲ.

ರಾತ್ರಿ ಸಣ್ಣಗೆ ಮಳೆ ಹನಿಯಿತು. ಬೆಳಿಗ್ಗೆ ಮೇಪಲ್ ಮರದ ಕೆಳಗೆ ಹೋದರೆ ನೆಲವೆಲ್ಲ ಕೆಂಪೆಲೆ, ಎಲೆಯ ಮೇಲೂ ಕೆಂಪು ಚುಕ್ಕೆ. ಯಾವುದು ನೆತ್ತರು ಯಾವುದು ಎಲೆಯ ರೋಗ ಅಂತ ಕಣ್ಣಿಗೆ ತಿಳಿಯುವುದೇ ಇಲ್ಲ. ಆಕೆ ಹೈಡ್ರೋಜನ್ ಪೆರಾಕ್ಸೈಡ್ ಚಿಮುಕಿಸಿ ನೋಡುತ್ತಿದ್ದರು, ನೆತ್ತರಾದರೆ ಬುಸುಬುಸು ನೊರೆ ಬರುತ್ತದೆ. ಸ್ವಲ್ಪ ದೂರಕ್ಕೆ ನೆತ್ತರ ಗುರುತೂ ಮುಗಿಯಿತು. ನಾಯಿ ಮಾತ್ರ ಮೂಗು ಎತ್ತಲಿಲ್ಲ. ಜಿಂಕೆಯ ಗೊರಸಿನ ಸೀಳಿನಲ್ಲಿ ಒಂದು ಗ್ರಂಥಿ ಇರುತ್ತದಂತೆ, ಹೆಜ್ಜೆ ಇಟ್ಟಲ್ಲೆಲ್ಲ ಅದರ ವಾಸನೆ ಉಳಿಯುತ್ತದೆ. ಒಂದು ಕಡೆ ಎಲೆ ಅಮುಕಿ ಮಲಗಿದ ಗುರುತು, ನಡುವೆ ಕರಿನೆತ್ತರಿನ ಕಲೆ. ಅಲ್ಲಿಂದ ಮುಂದೆ ತೊರೆಯ ದಂಡೆಯಲ್ಲಿ ಜಿಂಕೆ ಸಿಕ್ಕಿತು. ಹೊಟ್ಟೆಗೆ ಪೆಟ್ಟಾದದ್ದು ನೀರು ಹುಡುಕಿಕೊಂಡು ಹೋಗುತ್ತದೆ.

ಕಾದದ್ದಕ್ಕೆ ಬೆಲೆಯೂ ತೆರಬೇಕಾಯಿತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಕೊಯೋಟಿಗಳು ಮೊದಲೇ ಬಂದು ಒಂದು ತೊಡೆ ತಿಂದುಹೋಗಿದ್ದವು. ಸೆಕೆ ಇದ್ದಿದ್ದರೆ ಉಳಿದ ಮಾಂಸವೂ ಹಾಳಾಗುತ್ತಿತ್ತು. ಆ ಹುಡುಗ ಉಳಿದದ್ದನ್ನೆಲ್ಲ ಜೋಪಾನವಾಗಿ ಕೊಯ್ದು ಕೊಂಡುಹೋದ. ಅವನ ಮೇಲೆ ನನಗೆ ಗೌರವ ಬಂದದ್ದು ಆಗ.

ಅವನದೇ ತಪ್ಪು ಅಂತಲೂ ಹೇಳುವ ಹಾಗಿಲ್ಲ. 30 ಗಜ ದೂರಕ್ಕೆ ಹೆದೆಯ ಸದ್ದು ಸೆಕೆಂಡಿನ ಹತ್ತನೇ ಒಂದು ಪಾಲಿನೊಳಗೆ ಮುಟ್ಟುತ್ತದೆ. ಬಾಣಕ್ಕೆ ಅದರ ಮೂರ್ನಾಲ್ಕು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಜಿಂಕೆ ಓಡಲು ಮೈ ಬಗ್ಗಿಸಿ, ತಿರುಗಿಯೂ ಬಿಟ್ಟಿರುತ್ತದೆ. ನಿನ್ನ ಅಂಗಳದ ಗುರಿಹಲಗೆ ಹಾಗೆ ಬಗ್ಗುವುದಿಲ್ಲ ನೋಡು. ಅದಕ್ಕೇ ಹತ್ತಿರ ಬರುವ ತನಕ ಬಿಡಬೇಡ, ಎದುರಿಗೆ ಮುಖ ಮಾಡಿ ನಿಂತದ್ದಕ್ಕಂತೂ ಬಿಡಲೇಬೇಡ.

ನೀನು ಕಾಯುವವನಲ್ಲ ಅನ್ನುವುದೇ ನನ್ನ ಭಯ. ಕಾವಿಗೆ ಕೂತ ಕೋಳಿಯನ್ನು ದಿನಾ ಎಬ್ಬಿಸಿ ಮೊಟ್ಟೆ ನೋಡಿ ಅಮ್ಮನ ಕೈಲಿ ಪೆಟ್ಟು ತಿಂದವನು ನೀನು. ಅಜ್ಜನ ಬೇಟೆ ನಾವು ಕಂಡಿಲ್ಲ, 1972ರ ವನ್ಯಜೀವಿ ರಕ್ಷಣೆಯ ಕಾನೂನು ಬಂದ ಮೇಲೆ ಕೋವಿ ಮೂಲೆ ಸೇರಿತ್ತು. ಆದರೆ ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಾ? ಈಡು ಹೊಡೆದ ಮೇಲೆ ಅಜ್ಜ ಮರಸಿನಿಂದ ಇಳಿಯುತ್ತಲೇ ಇರಲಿಲ್ಲವಂತೆ. ಸಂಚಿ ಬಿಚ್ಚಿ ಕವಳ ಹಾಕಿ, ಅದು ಪೂರಾ ಮುಗಿಯುವ ತನಕ ಜೊತೆಗಿದ್ದವರು ಪಿಟ್ ಅನ್ನುವ ಹಾಗಿರಲಿಲ್ಲ. ನೀನು ಕವಳ ಹಾಕುವುದಿಲ್ಲ, ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿ.

ಇಳಿಯುವ ಮೊದಲು ಜಿಂಕೆ ಎಲ್ಲಿ ನಿಂತಿತ್ತು, ಕಡೆಗೆ ಎಲ್ಲಿ ಮರೆಯಾಯಿತು ಅಂತ ಮರದ ಗುರುತು ಇಟ್ಟುಕೋ. ನೆತ್ತರು ಕಂಡಲ್ಲೆಲ್ಲ ಟಾಯ್ಲೆಟ್ ಪೇಪರಿನ ಚೂರು ಸಿಕ್ಕಿಸು, ತಿರುಗಿ ನೋಡಿದರೆ ಹೋದ ದಿಕ್ಕು ಗೊತ್ತಾಗುತ್ತದೆ. ಜಾಡನ್ನು ತುಳಿಯದೆ ಪಕ್ಕದಲ್ಲಿ ನಡೆ. ಬೇಲಿ ದಾಟಿದ್ದರೆ ಆ ಜಮೀನಿನವರನ್ನು ಕೇಳದೆ ಕಾಲಿಡಬೇಡ, ಎಷ್ಟು ಹೊತ್ತಾಗಿದ್ದರೂ. ಸಿಕ್ಕಿದ ಮೇಲೂ ಹಿಂದಿನಿಂದ ಹೋಗಿ ಉದ್ದ ಕೋಲಿನಿಂದ ಕಣ್ಣು ಮುಟ್ಟಿ ನೋಡು. ರೆಪ್ಪೆ ಮುಚ್ಚಿದ್ದರೆ ಇನ್ನೂ ಜೀವ ಇದೆ. ನಾಯಿ ಇರುವವರ ನಂಬರನ್ನು ಈಗಲೇ ಹುಡುಕಿಟ್ಟುಕೋ.

ಥ್ಯಾಂಕ್ಸ್‌ಗಿವಿಂಗಿಗೆ ಬರುತ್ತೀಯಲ್ಲ? ಮಾಂಸ ತರುವುದಾದರೆ ಒಂದು ವಾರ ಮೊದಲೇ ಹೇಳು. ಫ್ರೀಜರಿನ ತುಂಬ ಕಾಯಿತುರಿ ಇದೆ, ಜಾಗ ಮಾಡಬೇಕು.

ನಿನ್ನ
ಅಕ್ಕ