ತಡವಾಗಿ ಬರುವ ಆಕಾಶವಾಣಿ

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅಂದಿನ ಶ್ರೋತೃವು ತಿರುಗುಗುಂಡಿಯಿಂದ ಕೇಂದ್ರವನ್ನು ಹಿಡಿಯುತ್ತಿದ್ದನು; ಇಂದಿನವನು ಮೊಬೈಲ್ ಆ್ಯಪ್‌ನಲ್ಲಿ ಬಿಟ್‌ರೇಟ್, ಬಫರ್‌ಗಳನ್ನು ಹೊಂದಿಸಿಕೊಳ್ಳಬೇಕು. ಸೆಕೆಂಡಿಗೆ 64 ಕಿಲೋಬಿಟ್ ಆಯ್ದರೆ ಗಂಟೆಗೆ ಸುಮಾರು 29 ಎಂಬಿ ಡೇಟಾ ವ್ಯಯವಾಗುತ್ತದೆ. 128 ಆದರೆ ಇಮ್ಮಡಿ. ಬಫರ್ ಎಂಬುದು ಧ್ವನಿಯನ್ನು ಮೊದಲೇ ಕೂಡಿಟ್ಟುಕೊಳ್ಳುವ ಕಣಜ. ಅದು ಹಿಗ್ಗಿದಷ್ಟೂ, ಸಂಪರ್ಕ ಕುಂದಿದರೂ ಗಾಯನ ತುಂಡಾಗದು. ಆದರೆ ಪ್ರತಿಯೊಂದು ಧ್ವನಿಯೂ ಅಷ್ಟೇ ತಡವಾಗಿ ಕೇಳುತ್ತದೆ.

ಬಾನುಲಿಯ ಸಮಯಸೂಚಕ ಧ್ವನಿಗೆ ಗಡಿಯಾರವನ್ನು ಸರಿಹೊಂದಿಸಿಕೊಂಡ ತಲೆಮಾರೊಂದು ಇನ್ನೂ ನಮ್ಮ ನಡುವೆ ಇದೆ. ಮಗನು ಹೊಂದಿಸಿಕೊಟ್ಟ ಆ್ಯಪ್‌ನಲ್ಲಿ ಆ ಧ್ವನಿಯನ್ನು ಕೇಳಿದ ವೃದ್ಧ ಮೇಷ್ಟರೊಬ್ಬರು ಹಳೆಯ ನಂಬಿಕೆಯಿಂದಲೇ ಗೋಡೆಗಡಿಯಾರದ ಮುಳ್ಳನ್ನು ಅರ್ಧ ನಿಮಿಷ ಹಿಂದಕ್ಕೆ ಸರಿಸುತ್ತಾರೆ. ಗಡಿಯಾರ ಸರಿಯಾಗಿಯೇ ಇತ್ತು.