ಗುರುತಿಲ್ಲದ ಚೀಲ

ಶ್ರಾವಕನ ಅಚೌರ್ಯಾಣುವ್ರತಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದೆ. ಅವುಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವೂ ಒಂದು. ಕೊಡುವಾಗ ಕಡಿಮೆಯ ಅಳತೆಯನ್ನೂ ಕೊಳ್ಳುವಾಗ ಹೆಚ್ಚಿನ ಅಳತೆಯನ್ನೂ ಬಳಸುವುದು ಎಂದು ಅದರ ಅರ್ಥ. ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಮನೆಗಳಲ್ಲಿ ಈ ಮಾತು ಮಕ್ಕಳಿಗೂ ಕಂಠಪಾಠ. ಆದರೆ ತನ್ನ ಅಳತೆ ತಪ್ಪಿದೆಯೆಂಬುದು ಅಳೆಯುವವನಿಗೇ ತಿಳಿಯದಿದ್ದರೆ ಅದು ಅತಿಚಾರವೋ ಅಲ್ಲವೋ? ಈ ಪ್ರಶ್ನೆ ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಭತ್ತದ ವ್ಯಾಪಾರ ಮಾಡುವ ವೃದ್ಧ ಶ್ರಾವಕರೊಬ್ಬರನ್ನು ಕೆಲವು ವರ್ಷಗಳ ಹಿಂದೆ ಕಾಡಿತು. ಅದು ಅವರ ಅಂಗಡಿಗೆ ಬಂದದ್ದು ತಕ್ಕಡಿಯ ಮೂಲಕವಲ್ಲ. ಒಂದು ಲೋಟ ಗಸಗಸೆ ಪಾಯಸದ ಮೂಲಕ.

ಅವರ ಗುಮಾಸ್ತನ ಮಗ ಡಿಪ್ಲೊಮಾ ಮುಗಿಸಿ, ಹಡಗೊಂದರ ಯಂತ್ರಕೋಣೆಯ ಕೆಲಸಕ್ಕೆ ಆಯ್ಕೆಯಾಗಿದ್ದನು. ವೈದ್ಯಕೀಯ ತಪಾಸಣೆಯೊಂದು ಉಳಿದಿತ್ತು. ತಪಾಸಣೆಯ ಹಿಂದಿನ ದಿನ ಅಕ್ಕನ ಸೀಮಂತ. ಬಹುಬೀಜವೆಂದು ಗಸಗಸೆಯನ್ನು ವರ್ಜಿಸುವ ಜೈನ ಮನೆಗಳುಂಟು. ಗುಮಾಸ್ತನ ಮನೆಯಲ್ಲಿ ಅಂತಹ ನಿಯಮವಿರಲಿಲ್ಲ. ಹುಡುಗ ಎರಡು ಲೋಟ ಪಾಯಸ ಕುಡಿದು ರಾತ್ರಿಯ ಬಸ್ಸು ಹತ್ತಿದನು. ದೂರದ ನಗರವೊಂದರ ಖಾಸಗಿ ಪ್ರಯೋಗಾಲಯದಲ್ಲಿ ಮೂತ್ರದ ಮಾದರಿ ಕೊಟ್ಟನು. ಸಂಜೆಗೆ ವರದಿ ಬಂತು: ಅಫೀಮಿನ ಅಂಶವುಂಟು. ಕೆಲಸ ತಪ್ಪಿತು.

“ಸಾವುಕಾರ್ರೇ, ನನ್ನ ಮಗ ಬೀಡಿನೂ ಮುಟ್ಟಿದೋನಲ್ಲರಿ” ಎಂದು ಗುಮಾಸ್ತನು ಅಂಗಡಿಯ ಗಾದಿಯ ಮುಂದೆ ಕುಳಿತು ಅತ್ತನು. ಮೂವತ್ತು ವರ್ಷಗಳಲ್ಲಿ ಒಂದು ರೂಪಾಯಿಯ ಲೆಕ್ಕವನ್ನೂ ತಪ್ಪದ ಮನುಷ್ಯ. ವ್ಯಾಪಾರಿಯು ಅವನನ್ನು ಸಮಾಧಾನಪಡಿಸಲಿಲ್ಲ. ಮರುದಿನವೇ ಅವನನ್ನು ಕರೆದುಕೊಂಡು ಆ ಪ್ರಯೋಗಾಲಯಕ್ಕೆ ಹೊರಟರು. ಹೋಗುವ ಮೊದಲು ಪರಿಚಯದ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರಿಂದ ವಿಷಯವನ್ನು ಕೇಳಿ ತಿಳಿದುಕೊಂಡರು.

ಗಸಗಸೆಯು ಅಫೀಮಿನ ಗಿಡದ ಬೀಜ. ಬೀಜದಲ್ಲಿ ಮದವಿಲ್ಲ, ಆದರೆ ಕಾಯಿಯ ಹಾಲಿನ ಲೇಪ ಅದಕ್ಕೆ ಅಂಟಿರುವುದರಿಂದ ಮಾರ್ಫಿನ್ ಮತ್ತು ಕೋಡೀನ್ ಅತಿ ಸ್ವಲ್ಪ ಪ್ರಮಾಣದಲ್ಲಿ ಹೊಟ್ಟೆ ಸೇರಿ, ಒಂದೆರಡು ದಿನಗಳವರೆಗೆ ಮೂತ್ರದಲ್ಲಿ ತೋರಬಹುದು. ಅಮೆರಿಕದ ಸರ್ಕಾರವು ತನ್ನ ನೌಕರರ ಪರೀಕ್ಷೆಗೆ ಮೊದಲು ಮಿಲಿಲೀಟರಿಗೆ 300 ನ್ಯಾನೋಗ್ರಾಂ ಎಂಬ ಮಿತಿಯನ್ನು ಇಟ್ಟಿತ್ತು. ಬೀಜ ತಿಂದವರೂ ಸಿಕ್ಕಿಬೀಳುತ್ತಿದ್ದುದರಿಂದ 1998ರಲ್ಲಿ ಅದನ್ನು 2000ಕ್ಕೆ ಏರಿಸಿತು. ಹೆರಾಯಿನ್ ಸೇವಿಸಿದವನ ಮೂತ್ರದಲ್ಲಿ ಮಾತ್ರ ಕಾಣುವ 6-ಅಸಿಟೈಲ್‌ಮಾರ್ಫಿನ್ ಎಂಬ ಬೇರೊಂದು ಗುರುತೂ ಉಂಟು. ಪಾಯಸದಿಂದ ಅದು ಬರಲಾರದು. ಪಾಯಸ ಕುಡಿದವನನ್ನೂ ಹೆರಾಯಿನ್ ಸೇದಿದವನನ್ನೂ ಬೇರ್ಪಡಿಸುವ ದಾರಿ ವಿಜ್ಞಾನಕ್ಕೆ ಗೊತ್ತಿದೆ. ಆ ದಾರಿಯಲ್ಲಿ ನಡೆಯುವ ಶ್ರಮವನ್ನು ಯಾರಾದರೂ ಪಡಬೇಕು, ಅಷ್ಟೆ.

ಪ್ರಯೋಗಾಲಯದಲ್ಲಿದ್ದ ತರುಣನು ವಿನಯವಂತನು, ಏನನ್ನೂ ಮರೆಮಾಚಲಿಲ್ಲ. ವ್ಯಾಪಾರಿ ಮೂರು ಪ್ರಶ್ನೆಗಳನ್ನು ಕೇಳಿದರು. ಮೊದಲನೆಯದು: “ಈ ಫಲಿತಾಂಶವನ್ನು ಬೇರೊಂದು ವಿಧಾನದಿಂದ ದೃಢಪಡಿಸಿಕೊಂಡಿರಾ?” ಇಲ್ಲ, ಪರೀಕ್ಷಾಪಟ್ಟಿಯನ್ನು ಅದ್ದಿದ್ದರು, ಗೆರೆ ಮೂಡಲಿಲ್ಲ, ಆ ಪಟ್ಟಿಯಲ್ಲಿ ಗೆರೆ ಮೂಡದಿದ್ದರೆ ಮಾದಕವಸ್ತು ಇದೆಯೆಂದೇ ಅರ್ಥ. ಎರಡನೆಯದು: “ಅದೇ ಮೂತ್ರದ ಉಳಿದ ಭಾಗ ಎಲ್ಲಿದೆ?” ಚೆಲ್ಲಿಯಾಗಿತ್ತು. ಮೂರನೆಯದು: “ನಿಮ್ಮ ಪರೀಕ್ಷೆ ಸರಿಯೋ ತಪ್ಪೋ ಎಂದು ನಿಮ್ಮನ್ನು ಕೊನೆಯ ಬಾರಿ ಪರೀಕ್ಷಿಸಿದವರು ಯಾರು?” ತರುಣನು ಗೋಡೆಯ ಮೇಲಿನ ಪ್ರಮಾಣಪತ್ರವನ್ನು ತೋರಿಸಿದನು. ಅದು ರಕ್ತದ ಸಕ್ಕರೆಯ ಪರೀಕ್ಷೆಗೆ ಸಂಬಂಧಿಸಿತ್ತು.

ಹುಡುಗನು ಒಂದು ವಾರದ ತರುವಾಯ ಮತ್ತೊಂದು ಕಡೆ ಮಾದರಿ ಕೊಟ್ಟನು. ಏನೂ ಕಾಣಲಿಲ್ಲ. ಆದರೆ ಅದರಿಂದ ಪ್ರಯೋಜನವಾಗಲಿಲ್ಲ. ಒಂದು ವಾರದಲ್ಲಿ ಪಾಯಸವೂ ಹೋಗಿರುತ್ತದೆ, ಅಫೀಮೂ ಹೋಗಿರುತ್ತದೆ. ಎರಡನೆಯ ಬಾಟಲಿಯು ಮೊದಲನೆಯದರ ಪರವಾಗಿ ಸಾಕ್ಷಿ ನುಡಿಯಲಾರದು. ಹಡಗಿನ ಕಂಪನಿಯವರು ಇದನ್ನೇ ಹೇಳಿದರು. ಆ ಮಾತಿನಲ್ಲಿ ನ್ಯಾಯವಿತ್ತೆಂಬುದೇ ವ್ಯಾಪಾರಿಗೆ ಹೆಚ್ಚು ನೋವುಂಟುಮಾಡಿತು.

ಇಂತಹ ಪರೀಕ್ಷೆಗಳು ಈಗ ಅಪರೂಪವಲ್ಲ. ವಿಮಾನ ನಡೆಸುವವರಿಗೂ ಸಂಚಾರ ನಿಯಂತ್ರಕರಿಗೂ 2022ರ ಜನವರಿ 31ರಿಂದ ಭಾರತದಲ್ಲಿ ಮಾದಕವಸ್ತುಗಳ ಪರೀಕ್ಷೆ ಜಾರಿಗೆ ಬಂದಿದೆ. ಅಲ್ಲಿ ಮೊದಲ ಪರೀಕ್ಷೆಯಲ್ಲಿ ಕಂಡುದನ್ನು ಎರಡನೆಯದರಿಂದ ದೃಢಪಡಿಸಿಕೊಳ್ಳಬೇಕೆಂಬ ನಿಯಮವಿದೆ. ಕ್ರೀಡಾಪಟುಗಳ ಮೂತ್ರವನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗಳಲ್ಲಿ ಹಂಚಿ ಮುದ್ರೆ ಹಾಕುತ್ತಾರೆ. ಮೊದಲನೆಯದರಲ್ಲಿ ದೋಷ ಕಂಡರೆ ಎರಡನೆಯದನ್ನು ತೆರೆಯಿಸುವ ಹಕ್ಕು ಆಟಗಾರನಿಗಿದೆ. ಗುಮಾಸ್ತನ ಮಗನಿಗೆ ಇಲ್ಲದೆ ಹೋದದ್ದು ಆ ಎರಡನೆಯ ಬಾಟಲಿ.

ಆದರೆ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಆಳವಾದುದು. ಯಂತ್ರ ದೊಡ್ಡದಾದ ಮಾತ್ರಕ್ಕೆ ಫಲಿತಾಂಶ ಸತ್ಯವಾಗುವುದಿಲ್ಲ, ಅಳೆಯುವವನನ್ನೂ ಅಳೆಯಬೇಕು. ಏನು ಬೆರೆತಿದೆ, ಎಷ್ಟು ಬೆರೆತಿದೆ ಎಂಬುದು ಕಳುಹಿಸಿದವರಿಗೆ ಮಾತ್ರ ಗೊತ್ತಿರುವ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು, ಅದು ಹೇಳುವ ಉತ್ತರವನ್ನು ತಾಳೆ ನೋಡುವುದಕ್ಕೆ ಪ್ರಾವೀಣ್ಯ ಪರೀಕ್ಷೆಯೆಂದು ಹೆಸರು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯು ಅನೇಕ ದೇಶಗಳ ಪ್ರಯೋಗಾಲಯಗಳಿಗೆ ಇಂತಹ ಮಾದರಿಗಳನ್ನು, ಮೂತ್ರವನ್ನೂ ಸೇರಿಸಿ, ಕಳುಹಿಸುತ್ತದೆ. ಭಾರತದಲ್ಲಿ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯೂ ಇಂತಹ ಪರೀಕ್ಷೆಗಳಲ್ಲಿ ಪಾಲ್ಗೊಳ್ಳಬೇಕೆಂದು ವಿಧಿಸುತ್ತದೆ.

ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅದನ್ನು ಬಯಲಿಗೆ ತಂದಿತು. ಮಾದಕವಸ್ತು ಚಿಕಿತ್ಸಾ ಕೇಂದ್ರಗಳಿಗಾಗಿ ಮೂತ್ರ ಪರೀಕ್ಷಿಸುತ್ತಿದ್ದ 13 ಪ್ರಯೋಗಾಲಯಗಳಿಗೆ, ರೋಗಿಗಳ ಮಾದರಿಗಳಂತೆಯೇ ಕಾಣುವ ಮಾದರಿಗಳನ್ನು ಗುಟ್ಟಾಗಿ ಕಳುಹಿಸಲಾಯಿತು. ಕೊಕೇನ್ ಇದ್ದ ಮಾದರಿಯನ್ನು ಇಲ್ಲವೆಂದು ಹೇಳಿದ ತಪ್ಪು ಒಂದೆಡೆ ಸೊನ್ನೆ, ಮತ್ತೊಂದೆಡೆ ನೂರಕ್ಕೆ ನೂರು. ಆಂಫೆಟಮಿನ್ ಇಲ್ಲದಿದ್ದರೂ ಇದೆಯೆಂದ ತಪ್ಪು ಸೊನ್ನೆಯಿಂದ ಶೇಕಡಾ 37ರವರೆಗೆ ಇತ್ತು. ಇದಕ್ಕಿಂತ ಯೋಚನೆಗೆ ಹಚ್ಚುವ ಮಾತೆಂದರೆ, ‘ಇದು ಪರೀಕ್ಷೆಯ ಮಾದರಿ’ ಎಂದು ಮೊದಲೇ ತಿಳಿದಿದ್ದಾಗ ಅವೇ ಪ್ರಯೋಗಾಲಯಗಳು ಎಷ್ಟೋ ಉತ್ತಮವಾಗಿ ಉತ್ತರಿಸುತ್ತಿದ್ದವು. ಕೌಶಲವಿತ್ತು, ಯಂತ್ರವಿತ್ತು, ಯಾರೂ ನೋಡುತ್ತಿಲ್ಲವೆಂದಾಗ ಎಚ್ಚರ ಮಾತ್ರ ಇರಲಿಲ್ಲ. ಶಾಸ್ತ್ರಕಾರರು ಪ್ರಮಾದವೆಂದು ಕರೆದದ್ದು ಇದನ್ನೇ. 1988ರ ಏಪ್ರಿಲ್‌ನಲ್ಲಿ ಆ ದೇಶದ ಸರ್ಕಾರವು ನಿಯಮಗಳನ್ನು ರೂಪಿಸಿದಾಗ, ಬಹಿರಂಗ ಪರೀಕ್ಷೆಯ ಜೊತೆಗೆ, ನೌಕರರ ಮಾದರಿಗಳ ನಡುವೆ ಗುರುತಿಲ್ಲದ ಮಾದರಿಗಳನ್ನೂ ಸೇರಿಸಿ ಕಳುಹಿಸಬೇಕೆಂದು ವಿಧಿಸಿತು.

ದೊಡ್ಡ ಸಂಸ್ಥೆಗಳೂ ಈ ತಕ್ಕಡಿಗೆ ಹೊರತಲ್ಲ. ದೆಹಲಿಯ ರಾಷ್ಟ್ರೀಯ ಉದ್ದೀಪನಮದ್ದು ಪರೀಕ್ಷಾ ಪ್ರಯೋಗಾಲಯಕ್ಕೆ 2008ರಲ್ಲಿ ವಿಶ್ವ ಉದ್ದೀಪನಮದ್ದು ತಡೆ ಸಂಸ್ಥೆಯ ಮಾನ್ಯತೆ ದೊರೆತಿತ್ತು. 2019ರ ಆಗಸ್ಟ್ 20ರಂದು ಆ ಸಂಸ್ಥೆಯು, ತನ್ನ ತಪಾಸಣೆಯಲ್ಲಿ ಕಂಡ ಲೋಪಗಳ ಕಾರಣದಿಂದ, ಮಾನ್ಯತೆಯನ್ನು ಅಮಾನತಿನಲ್ಲಿಟ್ಟಿತು. ಭಾರತದ ಆಟಗಾರರ ಮಾದರಿಗಳು ದೋಹಾದಂತಹ ವಿದೇಶದ ಪ್ರಯೋಗಾಲಯಗಳಿಗೆ ಹೋಗಬೇಕಾಯಿತು. ಲೋಪಗಳನ್ನು ತಿದ್ದಿಕೊಂಡ ಮೇಲೆ, 2021ರ ಡಿಸೆಂಬರ್‌ನಲ್ಲಿ ಮಾನ್ಯತೆ ಮರಳಿ ಬಂದಿತು. ಇದನ್ನು ಅವಮಾನವೆಂದು ಬರೆದವರುಂಟು. ಆದರೆ ಸರಿಯಾಗಿ ನೋಡಿದರೆ ತಪ್ಪನ್ನು ಹುಡುಕುವವರಿದ್ದರು, ತಿದ್ದುವವರಿದ್ದರು. ಅಂತಹ ಅವಮಾನ ಇಲ್ಲದ ಕಡೆಯಲ್ಲಿಯೇ ಬಡವನ ಮಗನ ಕೆಲಸ ಸದ್ದಿಲ್ಲದೆ ಹೋಗುತ್ತದೆ.

ಇದನ್ನೆಲ್ಲ ಓದಿ ತಿಳಿದ ವ್ಯಾಪಾರಿಯು ಕೆಲವು ದಿನ ಆ ಪ್ರಯೋಗಾಲಯವನ್ನು ಬಾಯಿತುಂಬ ದೂಷಿಸಿದರು. ಒಂದು ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಅತಿಚಾರಗಳ ಸ್ಮರಣೆಯಲ್ಲಿ ‘ಹೀನಾಧಿಕ ಮಾನೋನ್ಮಾನ’ ಎಂಬಲ್ಲಿಗೆ ಬಂದು ನಿಂತರು. ಮೂರನೆಯ ಪ್ರಶ್ನೆಯನ್ನು ತಮ್ಮ ಅಂಗಡಿಯಲ್ಲಿ ಯಾರಾದರೂ ಕೇಳಿದರೆ ತಾವು ತೋರಿಸುವುದೂ ಗೋಡೆಯ ಮೇಲಿನ ಪ್ರಮಾಣಪತ್ರವನ್ನೇ ಅಲ್ಲವೇ?

ಅಂಗಡಿಯ ವಿದ್ಯುನ್ಮಾನ ತಕ್ಕಡಿಗೆ ತೂಕ ಮತ್ತು ಅಳತೆಯ ಅಧಿಕಾರಿಗಳ ಮುದ್ರೆ ಇತ್ತು. ಆದರೆ ಮುದ್ರೆಯ ದಿನ ಮುಂಚೆಯೇ ತಿಳಿದಿರುತ್ತದೆ. ಅಂದು ತಕ್ಕಡಿಯನ್ನು ಒರೆಸಿ, ಸಮತಟ್ಟಾಗಿ ಕೂರಿಸಿ, ಧೂಳು ಕೊಡವಿ ಸಿದ್ಧವಾಗಿಡುತ್ತಾರೆ. ಉಳಿದ ದಿನಗಳ ಮಾತು ಬೇರೆ. ತುಂಗಭದ್ರೆಯ ಕಾಲುವೆಯ ನೀರು ಕುಡಿದ ಗದ್ದೆಗಳ ಭತ್ತವು ಸುಗ್ಗಿಯಲ್ಲಿ ಹಗಲಿರುಳೂ ಬಂದು ಬೀಳುತ್ತಿರುವಾಗ ತಕ್ಕಡಿಯ ಕೆಳಗೆ ಬಗ್ಗಿ ನೋಡುವವರು ಯಾರು?

ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಮಿತ್ರರಲ್ಲಿ ಅವರು ಒಂದು ಉಪಕಾರ ಬೇಡಿದರು. ಸರಿಯಾಗಿ 75 ಕೆ.ಜಿ. ತೂಗಿದ ಭತ್ತದ ಚೀಲವೊಂದನ್ನು ಪರಿಚಿತ ರೈತರೊಬ್ಬರ ಮಾಲಿನೊಡನೆ ಸೇರಿಸಿ ಕಳುಹಿಸಬೇಕು. ಯಾವ ದಿನ, ಯಾರೊಡನೆ ಎಂಬುದನ್ನು ಯಾರಿಗೂ, ತಮಗೂ ಸಹ, ಹೇಳಬಾರದು. ಚೀಲ ಬಂತು, ತೂಗಿತು, ಲೆಕ್ಕಕ್ಕೆ ಸೇರಿತು. ಮೂರು ದಿನಗಳ ತರುವಾಯ ಮಿತ್ರರು ಚೀಟಿ ಕಳುಹಿಸಿದರು. ಅಂಗಡಿಯ ತಕ್ಕಡಿ ಆ ಚೀಲವನ್ನು 74 ಕೆ.ಜಿ. 700 ಗ್ರಾಂ ಎಂದು ಹೇಳಿತ್ತು. ಇನ್ನೆರಡು ಚೀಲಗಳು ಅದೇ ರೀತಿ ಬಂದವು; ಅವೂ ಅಷ್ಟೇ ಕಡಿಮೆ. ತಕ್ಕಡಿಯ ಹಲಗೆಯನ್ನು ಎತ್ತಿಸಿದಾಗ ಹೊಟ್ಟೂ ಕೆಸರೂ ಸೇರಿ ಗಟ್ಟಿಯಾಗಿ, ಒಂದು ಮೂಲೆಯಲ್ಲಿ ಹಲಗೆಗೆ ಆಸರೆಯಾಗಿ ನಿಂತಿದ್ದವು. ಭಾರದ ಒಂದು ಪಾಲನ್ನು ಆ ಕೆಸರು ಹೊರುತ್ತಿತ್ತು.

ಹಮಾಲನನ್ನಾಗಲಿ ತೂಗುವವನನ್ನಾಗಲಿ ಅವರು ಗದರಲಿಲ್ಲ. ಮುದ್ರೆಯಾದಂದಿನಿಂದ ಐದು ತಿಂಗಳಲ್ಲಿ ಆ ತಕ್ಕಡಿಯ ಮೇಲೆ 6,240 ಚೀಲಗಳು ಇಳಿದಿದ್ದವು. ಚೀಲಕ್ಕೆ 300 ಗ್ರಾಂನಂತೆ 1,872 ಕೆ.ಜಿ., ಎಂದರೆ ಸುಮಾರು 25 ಚೀಲ ಭತ್ತ. ಕೆಸರು ಯಾವಾಗ ಗಟ್ಟಿಯಾಯಿತೆಂದು ತಿಳಿಯುವಂತಿರಲಿಲ್ಲವಾದ್ದರಿಂದ ಮೊದಲ ದಿನದಿಂದಲೇ ಲೆಕ್ಕ ಹಿಡಿದರು. ಪುಸ್ತಕ ತೆಗೆದು ಪ್ರತಿಯೊಬ್ಬ ರೈತನ ಹೆಸರಿಗೆ ಬಾಕಿಯನ್ನು ಬರೆಸಿದರು. ಬರೆದವನು ಆ ಗುಮಾಸ್ತನೇ. ಕೆಲವರು ಹಣ ಪಡೆದು ನಕ್ಕರು. ಒಬ್ಬ ಮುದುಕ ರೈತ ಮಾತ್ರ, “ಹೋದ ವರ್ಷದ್ದು ಹೆಂಗಿತ್ತೋ ಸಾವುಕಾರ್ರೇ?” ಎಂದು ಕೇಳಿದನು. ವ್ಯಾಪಾರಿಯ ಬಳಿ ಅದಕ್ಕೆ ಉತ್ತರವಿರಲಿಲ್ಲ. ಹೋದ ವರ್ಷದ ಭತ್ತವೂ ಆ ಹುಡುಗನ ಮೊದಲ ಬಾಟಲಿಯಂತೆ ಚೆಲ್ಲಿಹೋಗಿತ್ತು.

ಅಂದಿನಿಂದ ಪ್ರತಿ ತಿಂಗಳೂ ಗುರುತಿಲ್ಲದ ಒಂದು ಚೀಲ ಆ ಅಂಗಡಿಗೆ ಬರುತ್ತದೆ. ಬರುತ್ತದೆಂದು ತೂಗುವವನಿಗೆ ಗೊತ್ತು, ಯಾವುದೆಂದು ಗೊತ್ತಿಲ್ಲ. ಆದ್ದರಿಂದ ಪ್ರತಿಯೊಂದು ಚೀಲವನ್ನೂ ಅದೇ ಚೀಲವೆಂಬಂತೆ ತೂಗುತ್ತಾನೆ. ತಕ್ಕಡಿಯ ಕೆಳಗಿನ ಹೊಟ್ಟನ್ನು ದಿನವೂ ಗುಡಿಸುತ್ತಾನೆ. ಹುಡುಗನಿಗೆ ಒಂದು ವರ್ಷದ ನಂತರ ಬೇರೆಡೆ ಕೆಲಸ ದೊರೆಯಿತು. ಸಮುದ್ರದ ಕೆಲಸವಲ್ಲ. ಆ ಹಡಗಿನ ಕಂಪನಿಯ ಕಡತದಲ್ಲಿ ಅವನ ಹೆಸರಿನ ಮುಂದಿನ ಮಾತು ಹಾಗೆಯೇ ಇದೆ.

ಜೈನ ಸಮಾಜದ ಟ್ರಸ್ಟುಗಳು ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ವ್ಯಸನಮುಕ್ತಿಯ ಶಿಬಿರಗಳನ್ನು ಏರ್ಪಡಿಸುತ್ತಿವೆ. ಮಕ್ಕಳು ದುಶ್ಚಟಕ್ಕೆ ಬೀಳದಿರಲೆಂಬ ಕಾಳಜಿಯಿಂದ ಮೂತ್ರಪರೀಕ್ಷೆ ಮಾಡಿಸಬೇಕೆಂಬ ಸಲಹೆಯೂ ಸಭೆಗಳಲ್ಲಿ ಬರಬಹುದು. ಕಾಳಜಿ ಒಳ್ಳೆಯದೇ. ಆದರೆ ಒಬ್ಬ ಬಾಲಕನ ಹೆಸರಿನ ಮುಂದೆ ಒಂದು ಮಾತನ್ನು ಬರೆಯುವ ಮೊದಲು ಕರೂರಿನ ವ್ಯಾಪಾರಿ ಕೇಳಿದ ಮೂರು ಪ್ರಶ್ನೆಗಳನ್ನು ಕೇಳುವುದು ಆಡಳಿತ ಮಂಡಳಿಯ ಧರ್ಮ: ಬೇರೊಂದು ವಿಧಾನದಿಂದ ದೃಢಪಡಿಸಿಕೊಂಡಿದ್ದಾರೆಯೇ? ಅದೇ ಮಾದರಿಯ ಎರಡನೆಯ ಬಾಟಲಿಯನ್ನು ಮುದ್ರೆ ಹಾಕಿ ಇಟ್ಟಿದ್ದಾರೆಯೇ? ಆ ಪ್ರಯೋಗಾಲಯಕ್ಕೆ ಗುರುತಿಲ್ಲದ ಮಾದರಿ ಎಂದಾದರೂ ಹೋಗಿದೆಯೇ? ಮೂರರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ಕಾಗದವನ್ನು ಕಡತಕ್ಕೆ ಸೇರಿಸಬಾರದು. ತಪ್ಪು ಅಳತೆಯನ್ನು ತಿಳಿಯದೆ ಬಳಸಿದವನಿಗೆ ತಿದ್ದಿಕೊಳ್ಳುವ ಅವಕಾಶವುಂಟು. ತಿಳಿದುಕೊಳ್ಳಲು ದಾರಿಯಿದ್ದೂ ಕೇಳದೆ ಉಳಿದವನಿಗೆ ‘ತಿಳಿದಿರಲಿಲ್ಲ’ ಎಂಬ ಮಾತು ಆಸರೆಯಾಗಲಾರದು.